ಬೇಲಿಯಾಚೆಯವರ ಹೆಸರು

ಹೊರೇಸ್ ಪಿಲ್ಲಿಂಗರ ಅವತ್ತಿನ ಪೇಚಾಟಕ್ಕೆಲ್ಲ ಕಾರಣ ಒಂದು ಕಾಗದದಲ್ಲಿ ಉಳಿದುಹೋಗಿದ್ದ ಬೆರಳಗಲದ ಖಾಲಿ ಜಾಗ.

ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ ಕೂತಿದ್ದರು. ಲೀಡ್ಸಿನಿಂದ ಮಗಳು ಲಿನೆಟ್ ಫೋನ್ ಮಾಡಿದಳು.

“ಅಪ್ಪಾ, ಪವರ್ ಆಫ್ ಅಟಾರ್ನಿ ಪೇಪರ್ ತುಂಬಿಸಿ ಇಟ್ಟಿದ್ದೀಯಾ? ನಾನು ಮಧ್ಯಾಹ್ನದ ಟ್ರೇನಿಗೆ ಬರ್ತೀನಿ.”

“ಎಲ್ಲಾ ಆಗಿದೆ ಕಣಮ್ಮ. ನನ್ನ ಹೆಸರು, ನಿನ್ನ ಹೆಸರು, ಹುಟ್ಟಿದ ತಾರೀಖು, ಎಲ್ಲಾ.”

“ಸರ್ಟಿಫಿಕೇಟ್ ಕೊಡೋರು ಯಾರು?”

“ಪಕ್ಕದ ಮನೆಯವರು. ಮೊನ್ನೆ ಬೇಲಿ ಹತ್ರ ಕೇಳ್ದೆ. ಅದಕ್ಕೇನಂತೆ, ಬರ್ತೀನಿ ಅಂದ್ರು. ನಾಲ್ಕು ಗಂಟೆಗೆ ಟೀಗೆ ಕರ್ದಿದ್ದೀನಿ.”

“ಒಳ್ಳೇದಾಯ್ತು. ಅವರ ಹೆಸರು ಬರೆದಿಟ್ಟಿರು. ದೊಡ್ಡಕ್ಷರದಲ್ಲಿ, ಪೂರ್ತಿ ಹೆಸರು. ಖಾಲಿ ಬಿಟ್ಟು ಅವರ ಮುಂದೆ ಹಿಡೀಬೇಡ, ಚೆನ್ನಾಗಿರಲ್ಲ.”

ಹೊರೇಸರ ಕೈಯಲ್ಲಿದ್ದ ಬೆಣ್ಣೆಚಾಕು ಗಾಳಿಯಲ್ಲೇ ನಿಂತಿತು.

“ಅಪ್ಪಾ? ಕೇಳಿಸ್ತಾ?”

“ಹೂಂ ಹೂಂ. ಬರೀತೀನಿ.”

ಬರೆಯುವುದೇನನ್ನು? ಒಂದೇ ಗೋಡೆಯ ಆಚೆ ಈಚೆ ಹದಿನೆಂಟು ವರ್ಷ ಬಾಳಿದ ಮನುಷ್ಯ. ಹೊರೇಸರ ಹೆಂಡತಿ ತೀರಿಕೊಂಡಾಗ ಬಾಗಿಲಿಗೆ ಬಂದು, ಹ್ಯಾಟು ತೆಗೆದು, ಒಂದು ಹಣ್ಣಿನ ಕೇಕನ್ನು ಕೈಗಿಟ್ಟು, ಒಂದು ಮಾತೂ ಆಡದೆ ಹೋದವರು. ಹಿಮ ಬಿದ್ದರೆ ಎರಡು ಮನೆಯ ಮುಂದಿನದನ್ನೂ ತಾವೇ ಗೋರಿ ಹಾಕುವವರು. ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ “ಹೇಗಿದ್ದೀರಿ?” ಎಂದರೆ “ಪರವಾಗಿಲ್ಲ”, “ಬಿಸಿಲು ಬಂತು ನೋಡಿ” ಎಂದರೆ “ಎಷ್ಟು ಹೊತ್ತೋ”. ಇಷ್ಟರ ಮೇಲೆಯೇ ಆ ಸ್ನೇಹ ಬಂಡೆಯ ಹಾಗೆ ನಿಂತಿತ್ತು. ಅದರೊಳಗೆ ಹೆಸರಿಗೆ ಜಾಗವೇ ಬಿದ್ದಿರಲಿಲ್ಲ.

ಅವರು ಬಂದ ವಾರವೇ ಕೇಳಬೇಕಿತ್ತು. ಪಾಪ, ಸಾಮಾನು ಇಳಿಸುತ್ತಿದ್ದಾರೆ, ತೊಂದರೆ ಕೊಡುವುದೇಕೆ ಎಂದು ಸುಮ್ಮನಾದರು. ತಿಂಗಳಾದ ಮೇಲೆ ಕೇಳಲು ಮುಜುಗರ. ವರ್ಷವಾದ ಮೇಲೆ ಕೇಳಿದರೆ ಅವಮಾನ. ಹದಿನೆಂಟು ವರ್ಷವಾದ ಮೇಲೆ ಕೇಳುವುದಕ್ಕಿಂತ ಮನೆ ಮಾರಿ ಬೇರೆ ಊರಿಗೆ ಹೋಗುವುದು ಸುಲಭ. ಹೊರೇಸರ ಮನಸ್ಸಿನಲ್ಲಿ ಅವರ ಹೆಸರು ‘ಬೇಲಿಯವರು’ ಎಂದೇ. ಕ್ರಿಸ್ಮಸ್ ಕಾರ್ಡಿನ ಮೇಲೆ ‘ಪಕ್ಕದ ಮನೆಗೆ, ಪಕ್ಕದ ಮನೆಯಿಂದ’ ಎಂದು ಬರೆದು ಪಾರಾಗುತ್ತಿದ್ದರು. ಆ ಕಡೆಯಿಂದಲೂ ಕಾರ್ಡು ಹಾಗೇ ಬರುತ್ತಿತ್ತು. ಎಷ್ಟು ಸಂಕೋಚದ ಮನುಷ್ಯ ಎಂದು ಹೊರೇಸರು ಮೆಚ್ಚಿಕೊಳ್ಳುತ್ತಿದ್ದರು.

ಬೇರೆ ಕಾಗದವಾಗಿದ್ದರೆ ಹರಿದು ಒಲೆಗೆ ಹಾಕಬಹುದಿತ್ತು. ಆದರೆ ಇದರ ಮೇಲೆ ಅವರ ಮುಂದಿನ ಬದುಕೇ ನಿಂತಿತ್ತು. ನಾಳೆ ಬುದ್ಧಿ ಕೈಕೊಟ್ಟರೆ ತಮ್ಮ ಮನೆ, ದುಡ್ಡು, ಔಷಧಿ, ಎಲ್ಲಿರಬೇಕು ಏನು ಉಣ್ಣಬೇಕು ಎಂಬುದನ್ನೆಲ್ಲ ಲಿನೆಟ್ ತೀರ್ಮಾನಿಸಲಿ ಎಂದು, ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಅಧಿಕಾರಪತ್ರ ಅದು. ಬರೆದಿಡದೆ ಹೋದರೆ ಕಾನೂನು ಏನು ಹೇಳುತ್ತದೋ ಹೊರೇಸರಿಗೆ ತಿಳಿಯದು. ಒಡಹುಟ್ಟಿದ ಹಿಲ್ಡಕ್ಕ ಏನು ಹೇಳುತ್ತಾಳೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಹಿಲ್ಡಕ್ಕನಿಗೆ ಸನ್ನಿಬ್ಯಾಂಕ್ ಎಂಬ ವೃದ್ಧರ ಮನೆಯ ಮೇಲೆ ಬಲು ಪ್ರೀತಿ. ತಾನು ಹೋಗಿ ಇರಲು ಅಲ್ಲ, ಬೇರೆಯವರನ್ನು ಸೇರಿಸಲು. ಮೈದುನ ಸಿರಿಲ್‌ನನ್ನು “ಹದಿನೈದು ದಿನ ಸುಧಾರಿಸ್ಕೊಳ್ಳಲಿ” ಎಂದು ಸೇರಿಸಿದ್ದಳು. ಅದಾಗಿ ನಾಲ್ಕು ವರ್ಷ. ಈಗ ಸಿರಿಲ್ ಇನ್ನೂ ಬೆಳಕಿರುವಾಗಲೇ ರಾತ್ರಿಯೂಟ ಮುಗಿಸಿ, ಸಾಲು ಕುರ್ಚಿಯಲ್ಲಿ ಕೂತು ಚಪ್ಪಾಳೆ ವ್ಯಾಯಾಮ ಮಾಡುತ್ತಾನೆ. ಅಲ್ಲಿ ತುತ್ತೂರಿ ಊದಲು ಬಿಡುವುದಿಲ್ಲ. ಹೊರೇಸರಿಗೆ ಉಳಿದಿದ್ದ ಸುಖವೇ ಅದು. ಹತ್ತಿಗಿರಣಿಯ ಬ್ಯಾಂಡಿನಲ್ಲಿ ಪ್ರಾಯವೆಲ್ಲ ಸವೆಸಿ ಊದಿದ, ಕರುವಿನಷ್ಟು ದೊಡ್ಡ ಹಿತ್ತಾಳೆಯ ತುತ್ತೂರಿ. ಭಾನುವಾರ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಉಸಿರು ಬಿಟ್ಟರೆ ಕಿಟಕಿಯ ಗಾಜೆಲ್ಲ ಗುಂಯ್ ಎನ್ನುತ್ತಿತ್ತು.

ಸರ್ಟಿಫಿಕೇಟ್ ಕೊಡುವವರು ಬರೆದುಕೊಡಬೇಕಾದದ್ದು ಇಷ್ಟೆ: ಈ ಮನುಷ್ಯನ ತಲೆ ನೆಟ್ಟಗಿದೆ, ಏನು ಮಾಡುತ್ತಿದ್ದೇನೆಂದು ಇವನಿಗೆ ಗೊತ್ತಿದೆ, ಯಾರೂ ಕೈ ಹಿಡಿದು ರುಜು ಹಾಕಿಸುತ್ತಿಲ್ಲ. ಅವರು ನೆಂಟರಾಗಿರಬಾರದು. ಕಡಿಮೆಯೆಂದರೆ ಎರಡು ವರ್ಷದಿಂದ ಚೆನ್ನಾಗಿ ಬಲ್ಲವರಾಗಿರಬೇಕು. ಬೇಲಿಯವರಿಗಿಂತ ಬೇಕೆ?

ಹೆಸರು ಸಿಕ್ಕರೆ ಸಾಕು. ಹೊರೇಸರು ಹೊರಗೆ ಇಣುಕಿದರು. ಆಲ್ಮಾ ಬೀದಿಯ ಉದ್ದಕ್ಕೂ ಕಸದ ಡಬ್ಬಗಳು ಗೇಟಿನ ಮುಂದೆ ಶಾಲೆಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಬೇಲಿಯವರ ನೀಲಿ ಡಬ್ಬದ ತುಂಬ ಹಳೇ ಕಾಗದ. ಕಾಗದವಿದ್ದ ಮೇಲೆ ಲಕೋಟೆ ಇರಬೇಕು, ಲಕೋಟೆಯ ಮೇಲೆ ಹೆಸರು ಇರಲೇಬೇಕು. ಆಚೀಚೆ ನೋಡಿ, ಮುಚ್ಚಳ ಎತ್ತಿ, ಸೊಂಟದವರೆಗೂ ಒಳಗೆ ಬಗ್ಗಿದರು. ಲಕೋಟೆಗಳೇನೋ ಇದ್ದವು. ಎಲ್ಲವನ್ನೂ ಕಾಗದ ಸೀಳುವ ಯಂತ್ರಕ್ಕೆ ಕೊಟ್ಟು ಶ್ಯಾವಿಗೆ ಮಾಡಿ ಹಾಕಿದ್ದರು ಪುಣ್ಯಾತ್ಮರು.

“ಹೊರೇಸ್! ಅದು ನಿಮ್ಮ ಡಬ್ಬ ಅಲ್ಲ ಕಣ್ರೀ!”

ಎದುರು ಮನೆಯ ಮಿಸೆಸ್ ಹಿಂಡಲ್. ಆಲ್ಮಾ ಬೀದಿಯಲ್ಲಿ ಯಾರ ಮನೆಯ ಹಾಲು ಒಡೆದರೂ ಮೊದಲು ವಾಸನೆ ಹಿಡಿಯುವವರು ಅವರೇ. ಹೊರೇಸರು ತಲೆ ಎತ್ತಿದರು. ಒಂದು ಕಿವಿಯಿಂದ ಕಾಗದದ ಎಳೆ ಜೋತಾಡುತ್ತಿತ್ತು.

“ಕನ್ನಡಕ ಬಿತ್ತು. ಹುಡುಕ್ತಾ ಇದ್ದೆ.”

“ಕನ್ನಡಕ ಮೂಗಿನ ಮೇಲಿದೆ.”

“ಓ. ಸಿಕ್ತು ಹಾಗಾದ್ರೆ.”

ಮಿಸೆಸ್ ಹಿಂಡಲ್ ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡಿದರು. ಸಿಕ್ಕಿಬಿದ್ದಿದ್ದಂತೂ ಆಯಿತು, ಇವರನ್ನೇ ಕೇಳಿಬಿಡೋಣ ಎಂದು ಹೊರೇಸರು ಧೈರ್ಯ ಮಾಡಿದರು.

“ಅಲ್ಲ ಮಿಸೆಸ್ ಹಿಂಡಲ್, ಈ ಪಕ್ಕದ ಮನೆಯವರು ಇದ್ದಾರಲ್ಲ, ಅವರ ಹೆಸರು ಏನು?”

“ಯಾರ್ದು? ಇವರ್ದಾ? ಗೋಡೆಗೆ ಗೋಡೆ ಅಂಟಿಕೊಂಡು ಇಷ್ಟು ವರ್ಷದಿಂದ ಇದ್ದಾರಲ್ಲ, ಇವರ್ದಾ?” ಅವರ ದನಿ ಕಾಯಿಲೆಯವರ ಕೋಣೆಗೆ ಹೊಕ್ಕಂತೆ ಮೆತ್ತಗಾಯಿತು. “ನೆನಪಿಗೇ ಬರ್ತಿಲ್ವಾ ಹೊರೇಸ್?”

“ಬರ್ತಿದೆ ಬರ್ತಿದೆ! ನಿಮಗೆ ಗೊತ್ತಾ ಅಂತ ಕೇಳ್ದೆ ಅಷ್ಟೆ.”

“ನನಗೆ ಗೊತ್ತಿದ್ರೇನು ಬಿಟ್ರೇನು. ನಿಮಗೆ ಗೊತ್ತಿರಬೇಕಲ್ಲ ಅಯ್ಯೋ ಪಾಪ” ಎಂದು ಅವರು ಹೊರೇಸರ ಕಿವಿಯ ಕಾಗದವನ್ನು ತೆಗೆದುಹಾಕಿ, ದುಡುದುಡು ಮನೆಗೆ ನಡೆದರು.

ಹೊರೇಸರು ಡಬ್ಬದ ಮುಚ್ಚಳ ಹಾಕಿದರು. ತಲೆ ನೆಟ್ಟಗಿದೆ ಎಂದು ಬರೆಸಿಕೊಳ್ಳಬೇಕಾದ ದಿನವೇ ಹೀಗಾಗಬೇಕೆ? ಬೇಗ ಮುಗಿಸಬೇಕು. ತಿರುವಿನ ಔಷಧಿ ಅಂಗಡಿ ನೆನಪಾಯಿತು. ಬೇಲಿಯವರು ಅಲ್ಲಿಂದ ಮಾತ್ರೆ ಪೊಟ್ಟಣ ತರುವುದನ್ನು ನೋಡಿದ್ದರು. ಪೊಟ್ಟಣದ ಮೇಲೆ ಹೆಸರು ಅಂಟಿಸಿರುತ್ತಾರೆ. ನೆರೆಯವರಿಗೆ ಉಪಕಾರ ಮಾಡುವಂತೆ ಹೋಗಿ ಕೇಳಿದರಾಯಿತು.

ಅಂಗಡಿಯ ಹುಡುಗಿ ನಗುತ್ತಾ, “ಏನು ಬೇಕು ತಾತ?” ಎಂದಳು.

“ಮಾತ್ರೆ. ತಯಾರಾಗಿದೆಯಾ ಅಂತ.”

“ಹೆಸರು ಹೇಳಿ.”

“ಅದು ಗೊತ್ತಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ!”

ಬಾಯಿಂದ ಜಾರಿದ್ದು ಜಾರಿತು. ಹುಡುಗಿಯ ನಗು ಇಳಿಯಿತು. ಹಿಂದೆ ಸಾಲಿನಲ್ಲಿದ್ದ ಮೂವರು ಒಟ್ಟಿಗೆ ಕೆಮ್ಮಿ, ಒಟ್ಟಿಗೆ ಚಾವಣಿ ನೋಡಿದರು. ಅವಳು ಕೌಂಟರ್ ಸುತ್ತಿ ಬಂದು ಕುರ್ಚಿ ಎಳೆದು ಕೂರಿಸಿದಳು.

“ಗಾಬರಿ ಆಗ್ಬೇಡಿ ತಾತ. ಎಲ್ಲಿಂದ ಬಂದ್ರಿ, ಗೊತ್ತಾ?”

“ಗೊತ್ತಮ್ಮ, ಆಲ್ಮಾ ಬೀದಿಯಿಂದ. ನನ್ನ ಹೆಸರೂ ಗೊತ್ತು. ನನಗೆ ಬೇಕಾಗಿದ್ದು ನನ್ನ ಹೆಸರಲ್ಲ.”

“ಹೌದೌದು. ಇವತ್ತು ಯಾವ ವಾರ ಹೇಳಿ ನೋಡೋಣ?”

ಇದೊಂದಾದರೂ ಸುಲಭದ ಪ್ರಶ್ನೆ. ಬೀದಿಯಲ್ಲಿ ಕಸದ ಡಬ್ಬ ನಿಂತಿದೆಯೆಂದರೆ ಮಂಗಳವಾರ. ಲ್ಯಾಂಕಶೈರಿನಲ್ಲಿ ಸೂರ್ಯ ತಪ್ಪಿದರೂ ಕಸದ ಗಾಡಿ ತಪ್ಪುವುದಿಲ್ಲ.

“ಮಂಗಳವಾರ!” ಎಂದರು ಹೊರೇಸರು, ಎದೆಯುಬ್ಬಿಸಿ.

“ಬುಧವಾರ ತಾತ” ಎಂದಳು ಅವಳು, ಕೈ ಸವರುತ್ತಾ. “ಸೋಮವಾರ ಬ್ಯಾಂಕ್ ರಜೆ ಇತ್ತಲ್ಲ. ಈ ವಾರ ಕಸದ ಗಾಡಿ ಒಂದು ದಿನ ತಡ.”

ಸಾಲಿನಲ್ಲಿದ್ದವರಲ್ಲಿ ಒಬ್ಬಾಕೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು.

ಹೊರೇಸರು ಅಲ್ಲಿಂದ ಓಡಿದರೆಂದೇ ಹೇಳಬೇಕು. ಆದರೆ ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಆ ಹುಡುಗಿ ಮಿಸೆಸ್ ಹಿಂಡಲರ ತಂಗಿಯ ಮಗಳು. ಹೊರೇಸರು ಬಂದು ನೋಡಿದರೆ ಮುಂಬಾಗಿಲ ಮೇಲೆ ಹಳದಿ ಚೀಟಿ: ‘ಇದು ಬಾಗಿಲು’. ಅಡುಗೆಮನೆಯಲ್ಲಿ ಮಿಸೆಸ್ ಹಿಂಡಲ್. ಯಾವತ್ತೋ ರಜೆಗೆ ಹೋದಾಗ ಗಿಡಕ್ಕೆ ನೀರು ಹಾಕಲೆಂದು ಕೊಟ್ಟಿದ್ದ ಬೀಗದ ಕೈಯನ್ನು ಅವರು ವಾಪಸ್ ಕೊಟ್ಟಿರಲೇ ಇಲ್ಲ. ಕೆಟಲಿನ ಮೇಲೆ ‘ಬಿಸಿ’, ಸಕ್ಕರೆ ಡಬ್ಬಿಯ ಮೇಲೆ ‘ಸಕ್ಕರೆ’, ಗ್ಯಾಸ್ ಒಲೆಯ ಮೇಲೆ ‘ಬೇಡ’. ಮೇಜಿನ ತುಂಬ ಮೂರು ಮನೆಯವರು ಕನಿಕರಪಟ್ಟು ಕಳಿಸಿದ ಮೂರು ಆಲೂಗಡ್ಡೆ ಪೈ.

“ಮಿಸೆಸ್ ಹಿಂಡಲ್, ನನಗೇನೂ ಆಗಿಲ್ಲ!”

“ನಮ್ಮೆಜಮಾನ್ರೂ ಶುರುವಿನಲ್ಲಿ ಹಾಗೇ ಅಂತಿದ್ರು. ಕೂತ್ಕೊಳ್ಳಿ. ಇದು ಕುರ್ಚಿ.”

“ಕುರ್ಚಿ ಅಂತ ನನಗೆ ಗೊತ್ತು!”

“ಜಾಣ” ಎಂದರು ಮಿಸೆಸ್ ಹಿಂಡಲ್. “ನಿಮ್ಮ ಅಕ್ಕನಿಗೂ ಫೋನ್ ಮಾಡಿದ್ದೀನಿ. ಎಷ್ಟು ಕರುಳು ನೋಡಿ ಅವರಿಗೆ, ಕೂಡಲೇ ಬಸ್ಸು ಹತ್ತಿ ಬರ್ತೀನಿ ಅಂದ್ರು. ಅದ್ಯಾವುದೋ ಪುಸ್ತಿಕೆನೂ ತರ್ತಾರಂತೆ, ಬಣ್ಣದ ಚಿತ್ರ ಇರೋದು.”

ಹೊರೇಸರು ಕುರ್ಚಿಯ ಮೇಲೆ ಕುಸಿದರು. ಕಣ್ಣ ಮುಂದೆ ಸಿರಿಲ್ ಬಂದು ಚಪ್ಪಾಳೆ ತಟ್ಟಿದ ಹಾಗಾಯಿತು.

ಮಿಸೆಸ್ ಹಿಂಡಲ್ ಇನ್ನೊಂದು ಪೈ ತರಲು ಹೋದ ಹೊತ್ತಿಗೆ ಲಿನೆಟ್ ಬಂದಳು. ಸಣ್ಣ ದನಿಯ ಹೆಣ್ಣು. ಅಂಗಡಿಯಲ್ಲಿ ಎರಡು ಕೊಡೆ ತೋರಿಸಿದರೆ ಒಂದನ್ನೂ ಕೊಳ್ಳಲಾರದೆ ನೆನೆದುಕೊಂಡು ಬರುವವಳು. ಹೊರೇಸರಿಗೆ ಅದೇ ಸಮಾಧಾನ. ಇವಳು ತಮ್ಮನ್ನು ಎಲ್ಲಿಗೂ ಎತ್ತಿ ಹಾಕುವವಳಲ್ಲ.

“ಅಪ್ಪಾ, ಬಾಗಿಲ ಮೇಲೆ ಬಾಗಿಲು ಅಂತ ಯಾಕೆ ಬರೆದಿದೆ?”

“ಆಮೇಲೆ ಹೇಳ್ತೀನಿ. ನಿಮ್ಮತ್ತೆ ಬರ್ತಿದ್ದಾಳೆ. ಅವಳು ಬರೋದ್ರೊಳಗೆ ರುಜು ಮುಗೀಬೇಕು.”

“ಹೆಸರಿನ ಜಾಗ ಖಾಲಿ ಇದೆಯಲ್ಲಪ್ಪ!”

ಆ ಕ್ಷಣ, ಮುಳುಗುವವನ ಕಾಲಿಗೆ ನೆಲ ತಗುಲಿದಂತೆ, ಹೊರೇಸರಿಗೆ ಉಪಾಯ ಹೊಳೆಯಿತು. “ಅವರೇ ಬರೀಲಿ ಅಂತ ಬಿಟ್ಟೆ ಕಣೆ. ಅವರ ಹೆಸರು, ಅವರ ಕೈಬರಹ. ಅದೇ ಮರ್ಯಾದೆ.” ಹೇಳಿದ ಮೇಲೆ ಅವರಿಗೇ ಅಳು ಬಂದಂತಾಯಿತು. ಇದು ಬೆಳಿಗ್ಗೆಯೇ ಹೊಳೆದಿದ್ದರೆ ಡಬ್ಬಕ್ಕೆ ತಲೆ ಹಾಕುವುದು ತಪ್ಪುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ಬೇಲಿಯವರು ಬಂದರು. ಟೈ ಕಟ್ಟಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಬಾಗಿಲ ಮೇಲಿನ ಚೀಟಿಯನ್ನು ಓದಿ, ಕಾಲು ಒರೆಸಿಕೊಂಡು ಒಳಗೆ ಕಾಲಿಟ್ಟರು. ಸರ್ಟಿಫಿಕೇಟ್ ಕೊಡುವವರು ಏಕಾಂತದಲ್ಲಿ ಮಾತಾಡಬೇಕು ಎಂಬುದು ಕಟ್ಟಳೆ. ಲಿನೆಟ್ ಮುಂಕೋಣೆಯಲ್ಲಿ ಕೂತಳು, ಇವರಿಬ್ಬರು ಅಡುಗೆಮನೆಯಲ್ಲಿ ಪೈಗಳ ನಡುವೆ ಕೂತರು.

“ಹೇಗಿದ್ದೀರಿ?” ಎಂದರು ಬೇಲಿಯವರು.

“ಪರವಾಗಿಲ್ಲ” ಎಂದರು ಹೊರೇಸರು. ಕಾಗದ ಮುಂದೆ ತಳ್ಳಿದರು. “ನಿಮ್ಮದು ಇಲ್ಲಿ. ನೀವೇ ಬರೆದರೆ ಚೆನ್ನ.”

ಬೇಲಿಯವರು ಕನ್ನಡಕ ಏರಿಸಿ ಮೊದಲ ಪುಟದಿಂದ ಓದತೊಡಗಿದರು. ಮೊದಲ ಸಾಲಿನಲ್ಲೇ ನಿಂತರು. ತುಟಿ ಮೆಲ್ಲಗೆ ಅಲುಗಿತು.

“ಹೊರೇಸ್” ಎಂದರು, ಹೊಸ ತಿಂಡಿಯ ರುಚಿ ನೋಡುವವರ ಹಾಗೆ. “ಹೊರೇಸ್ ಪಿಲ್ಲಿಂಗ್. ಓಹೋಹೋ. ಹೊರೇಸಾ ನೀವು!”

ಹೊರೇಸರು ಬಾಯಿ ಬಿಟ್ಟುಕೊಂಡು ನೋಡಿದರು.

“ಕ್ಷಮಿಸಿ” ಎಂದರು ಬೇಲಿಯವರು. ಕತ್ತಿನಿಂದ ಹಿಡಿದು ಬೋಳುತಲೆಯವರೆಗೆ ಕೆಂಪೇರಿದ್ದರು. “ಬಂದ ಹೊಸದರಲ್ಲೇ ಕೇಳ್ಬೇಕಾಗಿತ್ತು. ನೀವು ಏನಂದ್ಕೋತೀರೋ ಅಂತ ಬಿಟ್ಟೆ. ಮನೇಲಿ ನಾವು ನಿಮ್ಮನ್ನ ತುತ್ತೂರಿಯವರು ಅಂತೀವಿ.”

“ನೀವು ನಮಗೆ ಬೇಲಿಯವರು!” ಎಂದು ಹೊರೇಸರು ಮೇಜು ತಟ್ಟಿದರು. “ನಿಮ್ಮ ಹೆಸರಿಗೋಸ್ಕರ ಬೆಳಿಗ್ಗೆ ನಿಮ್ಮ ಕಸದ ಡಬ್ಬಕ್ಕೆ ಇಳಿದಿದ್ದೆ ಸ್ವಾಮಿ!”

“ಮೂರು ವರ್ಷದ ಹಿಂದೆ ನಾನು ನಿಮ್ಮದಕ್ಕೆ ಇಳಿದಿದ್ದೆ. ಬರೀ ಆಲೂಗಡ್ಡೆ ಸಿಪ್ಪೆ.”

ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಎದ್ದು ನಿಂತು, ಕೋಟು ಸರಿಮಾಡಿಕೊಂಡು, ಕ್ರಮವಾಗಿ ಕೈ ಕುಲುಕಿದರು.

“ವಿಲ್ಫ್ರೆಡ್ ಗ್ರಿಮ್‌ಶಾ” ಎಂದರು ಬೇಲಿಯವರು. “ಲೈಸೆನ್ಸಿಗೆ ಬಂದೋರಿಗೆ ಡ್ರೈವಿಂಗ್ ಪರೀಕ್ಷೆ ಮಾಡ್ತಿದ್ದೆ. ಈಗ ನಿವೃತ್ತಿ.”

“ಬಹಳ ಸಂತೋಷ. ಬಹಳ ಬಹಳ ಸಂತೋಷ” ಎಂದರು ಹೊರೇಸರು. ಬೆನ್ನ ಮೇಲಿಂದ ಗಿರಣಿಯ ಮೂಟೆ ಇಳಿಸಿದಂತಾಗಿತ್ತು. ಗ್ರಿಮ್‌ಶಾ ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಇದು ಏನು ಕಾಗದ? ಯಾರಿಗೆ ಅಧಿಕಾರ? ಯಾರಾದರೂ ಒತ್ತಾಯ ಮಾಡಿದರಾ? ಹೊರೇಸರು ಮಣಿ ಪೋಣಿಸಿದ ಹಾಗೆ ಉತ್ತರ ಕೊಟ್ಟರು.

“ನಿಮ್ಮಷ್ಟು ನೆಟ್ಟಗಿರೋ ತಲೆ ನಾನು ನೋಡಿಲ್ಲ” ಎಂದರು ಗ್ರಿಮ್‌ಶಾ. “ಬನ್ನಿ, ಇಲ್ಲಿ ಪೈ ಬಿಟ್ರೆ ಪೇಪರಿಗೆ ಜಾಗ ಇಲ್ಲ. ಮುಂಕೋಣೆಯಲ್ಲಿ ಬರೆಯೋಣ. ಮೊದಲು ನಿಮ್ಮ ರುಜು, ಆಮೇಲೆ ನಂದು, ಕೊನೇಲಿ ಮಗಳದು.”

ಹೊರೇಸರು ಕಾಗದ ಹಿಡಿದು, ಮದುವೆಗಂಡಿನ ಗತ್ತಿನಲ್ಲಿ ಮುಂಕೋಣೆಗೆ ನಡೆದರು.

ಕೋಣೆಯ ನಟ್ಟನಡುವೆ ಹಿಲ್ಡಕ್ಕ ನಿಂತಿದ್ದಳು. ಹ್ಯಾಟು ಇನ್ನೂ ತಲೆಯ ಮೇಲೆಯೇ ಇತ್ತು, ತೋಳಿನಲ್ಲಿ ಕೈಚೀಲ. ಅವಳ ಹಿಂದೆ ನಾಲ್ಕನೆಯ ಪೈ ಹಿಡಿದುಕೊಂಡು ಮಿಸೆಸ್ ಹಿಂಡಲ್. ಮೂಲೆಯಲ್ಲಿ ಲಿನೆಟ್ ಉಗುರು ಕಚ್ಚುತ್ತಿದ್ದಳು.

“ಏನೋ ಹೊರೇಸ” ಎಂದಳು ಹಿಲ್ಡಕ್ಕ, ಕಿವುಡರೊಂದಿಗೆ ಮಾತಾಡುವಷ್ಟು ಗಟ್ಟಿಯಾಗಿ. “ನಾನು ಯಾರು ಗೊತ್ತಾಯ್ತಾ?”

“ನೀನು ಯಾರೂಂತ ಮರೆಯೋಕೆ ನೀನು ಬಿಟ್ಟರೆ ತಾನೇ ಹಿಲ್ಡಕ್ಕ!”

“ಬಾಯಿಗೇನೂ ಕಮ್ಮಿ ಇಲ್ಲ. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ ಅಂತ ಬೀದಿಯೆಲ್ಲಾ ಕೇಳ್ಕೊಂಡು ಬಂದ್ಯಂತೆ. ಮಾನ ಹರಾಜು. ಎಲ್ಲಿ, ಹೇಳು ನೋಡೋಣ. ಇವರು ಯಾರು?”

ಹೊರೇಸರು ಮುಗುಳ್ನಕ್ಕರು. ಎಂಥ ಪ್ರಶ್ನೆಯನ್ನು, ಎಂಥ ಹೊತ್ತಿನಲ್ಲಿ ಕೇಳಿದಳು! ಗ್ರಿಮ್‌ಶಾರ ಕಡೆ ಠೀವಿಯಿಂದ ಕೈ ಚಾಚಿದರು.

“ಇವರು...”

ಚಾಚಿದ ಕೈ ಚಾಚಿದ ಹಾಗೇ ಇತ್ತು. ಬಾಯಿ ತೆರೆದ ಹಾಗೇ ಇತ್ತು. ಹೆಸರು ಇರಲಿಲ್ಲ. ಅಡುಗೆಮನೆಯಲ್ಲಿ ಕೈ ಕುಲುಕುವಾಗ, ಸರಿಯಾಗಿ ಕುಲುಕುತ್ತಿದ್ದೇನೆಯೇ, ಎಷ್ಟು ಹೊತ್ತು ಕುಲುಕಬೇಕು, ಸಂತೋಷ ಎಂದು ಎಷ್ಟು ಸಲ ಹೇಳಬೇಕು ಎಂಬ ಗಡಿಬಿಡಿಯಲ್ಲಿ ಹೆಸರು ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೊರಟುಹೋಗಿತ್ತು.

ಮಿಸೆಸ್ ಹಿಂಡಲ್ “ಅಯ್ಯೋ ದೇವರೇ” ಎಂದು ಪಿಸುಗುಟ್ಟಿದರು. ಹೊರೇಸರ ಹಣೆಯಿಂದ ಒಂದು ಹನಿ ಬೆವರು ಮೂಗಿನ ತುದಿಗೆ ಬಂದು ನಿಂತಿತು.

ಒಬ್ಬ ಸಜ್ಜನ ಇನ್ನೊಬ್ಬ ಸಜ್ಜನನ ಮಾನ ಹೋಗುವುದನ್ನು ಎಷ್ಟು ಹೊತ್ತು ನೋಡಿಕೊಂಡು ನಿಂತಾನು? ಗ್ರಿಮ್‌ಶಾ ಒಂದು ಹೆಜ್ಜೆ ಮುಂದೆ ಬಂದು ತಲೆ ಬಾಗಿಸಿದರು.

“ಅವರದೇನೂ ತಪ್ಪಿಲ್ಲಮ್ಮ. ಅವರಿಗೆ ಹೆಸರು ನೆನಪಿರೋದಾದ್ರೂ ಹೇಗೆ? ನಮ್ಮಿಬ್ಬರ ಪರಿಚಯ ಆಗಿದ್ದೇ ಈಗ, ಅಡುಗೆಮನೆಯಲ್ಲಿ.”

ಹೊರೇಸರು ಕೃತಜ್ಞತೆಯಿಂದ ಅವರತ್ತ ತಿರುಗಿದರು. ಕೃತಜ್ಞತೆ ಅರ್ಧದಾರಿಯಲ್ಲೇ ಹೆಪ್ಪುಗಟ್ಟಿತು. ಹಿಲ್ಡಕ್ಕ ತಮ್ಮನ ಕೈಯಿಂದ ಕಾಗದ ಕಿತ್ತುಕೊಂಡು, ಬೆರಳಿಟ್ಟು ಓದುತ್ತಿದ್ದಳು.

“ಎರಡು ವರ್ಷದಿಂದ ಚೆನ್ನಾಗಿ ಬಲ್ಲವರು ಆಗಿರಬೇಕು ಅಂತ ಇದೆಯಲ್ಲ ಇದರಲ್ಲಿ. ಏನ್ರೀ, ಈಗ ಪರಿಚಯ ಆಯ್ತು ಅಂದ್ರಿ. ರುಜು ಹಾಕೋಕೆ ಬಂದಿದ್ದೀರಾ?”

ಗ್ರಿಮ್‌ಶಾ ಕಾಗದದ ಮೇಲೆ ಬಗ್ಗಿ ಆ ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು. ಚಕ್ರ ಒಂದು ಬೆರಳಿನಷ್ಟು ಬಿಳಿಗೆರೆ ದಾಟಿತೆಂದು ಸ್ವಂತ ಭಾವಮೈದುನನನ್ನೇ ಫೇಲು ಮಾಡಿದ್ದ ಮನುಷ್ಯ. ಪೆನ್ನಿನ ಮುಚ್ಚಳ ಹಾಕಿ, ಜೇಬಿಗೆ ಸಿಕ್ಕಿಸಿಕೊಂಡರು.

“ಕ್ಷಮಿಸಿ” ಎಂದರು. “ಹದಿನೆಂಟು ವರ್ಷ ನೋಡಿದ್ದೀನಿ, ಅದು ನಿಜ. ಆದ್ರೆ ಬಲ್ಲೆ ಅಂತ ಬರೆದುಕೊಟ್ರೆ ಸುಳ್ಳಾಗುತ್ತೆ. ಇನ್ನೆರಡು ವರ್ಷ ಬಿಟ್ಟು ಕರೀರಿ, ಖಂಡಿತ ಬರ್ತೀನಿ.” ಎಲ್ಲರಿಗೂ ಒಬ್ಬೊಬ್ಬರಾಗಿ ತಲೆಬಾಗಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

ಹೊರೇಸರಿಗೆ ಇನ್ನುಳಿದವಳು ಮಗಳೊಬ್ಬಳೇ. ಅವಳ ಕಡೆ ನೋಡಿದರು. ಲಿನೆಟ್ ಅಪ್ಪನ ಮುಖ ನೋಡಿದಳು, ಕಾಗದ ನೋಡಿದಳು, ಉಗುರು ನೋಡಿಕೊಂಡಳು. ಚಿಕ್ಕಂದಿನಿಂದಲೂ ದಾರಿ ಕಾಣದಾದಾಗ ಮಾಡುತ್ತಿದ್ದಂತೆ ಇನ್ನೊಂದು ಕಡೆಗೆ ತಿರುಗಿದಳು.

“ಈಗೇನ್ ಮಾಡೋದು,” ಎಂದಳು ಸಣ್ಣ ದನಿಯಲ್ಲಿ, “ನೀವೇ ಹೇಳಿ ಹಿಲ್ಡತ್ತೆ.”

ಕಾಗದಕ್ಕೆ ಮೂರೂ ರುಜು ಬಿದ್ದಿದ್ದರೂ ಲಿನೆಟ್ ಕೊನೆಗೆ ಕೇಳುತ್ತಿದ್ದದ್ದು ಹಿಲ್ಡಕ್ಕನನ್ನೇ ಎಂಬುದು ಹೊರೇಸರಿಗೆ ಆಗ ಹೊಳೆಯಿತು. ಹಿಲ್ಡಕ್ಕ ಹ್ಯಾಟು ತೆಗೆದಿಟ್ಟು, ಹೊರೇಸರ ಕುರ್ಚಿಯಲ್ಲಿ ಕೂತು, ಕೈಚೀಲ ಬಿಚ್ಚಿ ಸನ್ನಿಬ್ಯಾಂಕಿನ ಬಣ್ಣದ ಪುಸ್ತಿಕೆ ತೆಗೆದಳು.